ಕಾಣದುದನ್ನು ಕಾಣಿಸುವ ತುಂಡುಗೆರೆ

ಮಂಗಳೂರು ಹೆಂಚೊಂದನ್ನು ಕೈಗೆತ್ತಿಕೊಂಡು ನೋಡಿರಿ. ಅದರ ಮೇಲ್ಮೈಯಲ್ಲಿ ಮಳೆಯ ನೀರು ಹರಿದುಹೋಗುವುದಕ್ಕೆ ಉದ್ದುದ್ದನೆಯ ತಗ್ಗುಗಳಿವೆ. ಅಂಚುಗಳಲ್ಲಿ ನೆರೆಯ ಹೆಂಚಿನೊಡನೆ ಹೆಣೆದುಕೊಳ್ಳುವ ಏಣುಗಳಿವೆ. ಹೆಂಚನ್ನು ಮಗುಚಿದರೆ ಬೇರೊಂದು ಏರ್ಪಾಡು ಕಾಣುತ್ತದೆ. ಮಾಡಿನ ರೀಪಿಗೆ ಸಿಕ್ಕಿಕೊಂಡು, ಇಳಿಜಾರಿನಲ್ಲಿ ಹೆಂಚು ಜಾರದಂತೆ ಹಿಡಿಯುವ ಗಿಡ್ಡ ಮುಂಚಾಚುಗಳು ಅಲ್ಲಿವೆ. ಮಾಡಿನ ಮೇಲೆ ನಿಂತು ನೋಡುವವನಿಗೆ ಅವು ಕಾಣುವುದಿಲ್ಲ. ಆದರೆ ಅವಿಲ್ಲದಿದ್ದರೆ ಮಾಡು ಉಳಿಯುವುದಿಲ್ಲ.

ಈ ಹೆಂಚಿನ ಚಿತ್ರವನ್ನು ಮೇಲಿನಿಂದ ಕಂಡಂತೆ ಬರೆಯಬೇಕಾಗಿದೆಯೆಂದು ಭಾವಿಸೋಣ. ಅಡಿಯಲ್ಲಿರುವ ಮುಂಚಾಚುಗಳನ್ನು ಏನು ಮಾಡಬೇಕು? ಕಾಣುವುದಿಲ್ಲವೆಂದು ಬಿಟ್ಟುಬಿಟ್ಟರೆ, ಚಿತ್ರವನ್ನು ನೋಡಿ ಅಚ್ಚು ತಯಾರಿಸುವವನು ಮುಂಚಾಚುಗಳಿಲ್ಲದ ಹೆಂಚನ್ನೇ ಮಾಡಿಯಾನು. ಇವೆಯೆಂದು ಅಖಂಡವಾದ ಗೆರೆಯಿಂದ ಬರೆದರೆ, ಅವನ್ನು ಮೇಲ್ಮೈಯಲ್ಲಿ ಎಬ್ಬಿಸಿಯಾನು. ಇವೆರಡು ತಪ್ಪುಗಳಿಂದಲೂ ಪಾರಾಗಲು ಎಂಜಿನಿಯರರು ಕಂಡುಕೊಂಡ ಸುಲಭೋಪಾಯವೇ ತುಂಡುಗೆರೆ. ಒಂದಿಷ್ಟು ಗೆರೆ, ಒಂದಿಷ್ಟು ತೆರಪು, ಮತ್ತೆ ಗೆರೆ, ಮತ್ತೆ ತೆರಪು: "ಇಲ್ಲಿ ಒಂದು ಅಂಚು ಇದೆ, ಆದರೆ ನೀನು ನಿಂತ ಕಡೆಯಿಂದ ಅದು ಕಾಣುವುದಿಲ್ಲ" ಎಂಬಷ್ಟು ಅರ್ಥವನ್ನು ಈ ಪುಟ್ಟ ಸಂಕೇತವು ಹೊತ್ತಿರುತ್ತದೆ.

ಕಾಗದದ ಮೇಲೆ ಪೆನ್ಸಿಲಿನಿಂದ ತುಂಡುಗೆರೆ ಎಳೆಯುವುದು ಹೈಸ್ಕೂಲಿನ ವಿದ್ಯಾರ್ಥಿಗೂ ಬರುವ ಕೆಲಸ. ಅದೇ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿದಾಗ ಮಾತ್ರ ವಿಚಿತ್ರವಾದ ತೊಡಕುಗಳು ಎದ್ದು ನಿಲ್ಲುತ್ತವೆ. ಕ್ಯಾಡ್ ಎಂಬ ಹೆಸರಿನ ನಕ್ಷಾತಂತ್ರಾಂಶವನ್ನು ಹೊಸದಾಗಿ ಕಲಿಯುವವರು "ತುಂಡುಗೆರೆಯನ್ನೇ ಆರಿಸಿದೆ, ಆದರೆ ಅಖಂಡಗೆರೆಯೇ ಬರುತ್ತಿದೆಯಲ್ಲ!" ಎಂದು ಬೇಸರಪಡುವುದುಂಟು. ಇದು ಏಕೆ ಹೀಗಾಗುತ್ತದೆ, ಇದರಿಂದ ಕೆಡುವುದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಫಳ್ನೀರಿನ ಒಂದು ಮನೆ

ಉದಾಹರಣೆಗಾಗಿ ಮಂಗಳೂರಿನ ಫಳ್ನೀರಿನಲ್ಲಿ ಒಂದು ಮನೆ ಕಟ್ಟಿಸೋಣ. ಮನೆ ಕಲ್ಪನೆಯದು, ಊರು ನಿಜವಾದದ್ದು. ಹಂಪನಕಟ್ಟೆಯಿಂದ ಕಂಕನಾಡಿಯ ಕಡೆಗೆ ಸಾಗುವ ದಾರಿಯಲ್ಲಿರುವ ಈ ಬಡಾವಣೆಯಲ್ಲಿ ಇಂದು ಬಹುಮಹಡಿ ಕಟ್ಟಡಗಳು ಎದ್ದಿದ್ದರೂ ಹೆಂಚಿನ ಮಾಡಿನ ಹಳೆಯ ಮನೆಗಳು ಅಲ್ಲಲ್ಲಿ ಉಳಿದಿವೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು ಇದೇ ಮಂಗಳೂರಿನಲ್ಲಿ. ನಮ್ಮ ಮನೆಗೂ ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು ಇರಲಿ. ಗೋಡೆಯಿಂದ ಗೋಡೆಗೆ ಅಗಲ 7,500 ಮಿಲಿಮೀಟರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಾದುದರಿಂದ ಗೋಡೆ ನೆನೆಯದಂತೆ ಮಾಡಿನ ಸೂರು ಎರಡೂ ಕಡೆ 750 ಮಿಲಿಮೀಟರು ಹೊರಚಾಚಿರಲಿ. ಆಗ ಸೂರಿನ ಅಂಚಿನ ಉದ್ದ ಸರಿಯಾಗಿ 9,000 ಮಿಲಿಮೀಟರು, ಅಂದರೆ 9 ಮೀಟರು.

ಮನೆಯ ನಕ್ಷೆಯೆಂದರೆ ಏನು? ನೆಲದಿಂದ ಒಂದು ಮೀಟರಿಗಿಂತ ತುಸು ಎತ್ತರದಲ್ಲಿ ಮನೆಯನ್ನು ಅಡ್ಡಲಾಗಿ ಕತ್ತರಿಸಿ, ಮೇಲಿನ ಭಾಗವನ್ನು ಎತ್ತಿಟ್ಟು, ಉಳಿದುದನ್ನು ನೆತ್ತಿಯ ಮೇಲಿನಿಂದ ನೋಡಿದರೆ ಕಾಣುವ ನೋಟವೇ ನಕ್ಷೆ. ಗೋಡೆಗಳು, ಬಾಗಿಲು, ಕಿಟಕಿಗಳು ಅದರಲ್ಲಿ ಕಾಣುತ್ತವೆ. ಸೂರು ಮಾತ್ರ ಎತ್ತಿಟ್ಟ ಭಾಗದೊಡನೆ ಹೋಗಿಬಿಟ್ಟಿದೆ. ಆದರೂ ಮಳೆಯ ನೀರು ಎಲ್ಲಿ ಬೀಳುತ್ತದೆಂಬುದು ಕಟ್ಟುವವನಿಗೆ ತಿಳಿಯಬೇಕು. ಆದುದರಿಂದ ಗೋಡೆಯ ಹೊರಗೆ ಒಂದು ತುಂಡುಗೆರೆಯನ್ನೆಳೆದು ಸೂರಿನ ಅಂಚನ್ನು ತೋರಿಸುತ್ತಾರೆ. ನೆಲದಡಿಯಲ್ಲಿ ಸಾಗುವ ನೀರಿನ ಕೊಳವೆ, ಮುಚ್ಚಿದ ಚರಂಡಿ ಇವುಗಳಿಗೂ ತುಂಡುಗೆರೆಯೇ ಗತಿ. ಒಂದು ತಲೆಯ ಮೇಲಿನದು, ಇನ್ನೊಂದು ಕಾಲಿನ ಕೆಳಗಿನದು. ಎರಡೂ ಕಣ್ಣಿಗೆ ಮರೆಯಾದವು. ಯಾವುದು ಯಾವುದೆಂದು ತಿಳಿಯಲು ಪಕ್ಕದಲ್ಲಿ ಮಾತಿನಿಂದಲೂ ಬರೆದಿಡುವುದು ಜಾಣತನ.

ಈಗ ಸೂರಿನ ತುಂಡುಗೆರೆ ಅಚ್ಚಿನಲ್ಲಿ ಅಖಂಡಗೆರೆಯಾಗಿ ಬಂದಿತೆನ್ನೋಣ. ಗೋಡೆಯಿಂದ 750 ಮಿಲಿಮೀಟರು ಹೊರಗೆ ಒಂದು ಗಟ್ಟಿಯಾದ ಗೆರೆ ಮನೆಯನ್ನು ಸುತ್ತುವರಿದಿದೆ. ಮೇಸ್ತ್ರಿ ಅದನ್ನು ಏನೆಂದು ತಿಳಿಯಬೇಕು? ಜಗಲಿಯ ಅಂಚೆಂದು ತಿಳಿದು ಪಾಯ ತೋಡಿಸಿದರೆ ತಪ್ಪು ಅವನದಲ್ಲ; ನಕ್ಷೆ ಹೇಳಿದುದನ್ನೇ ಅವನು ಮಾಡಿದ್ದಾನೆ. ತುಂಡುಗೆರೆಯ ತೆರಪುಗಳು ಮುಚ್ಚಿಹೋದರೆ ಅಂದ ಕೆಡುವುದು ಮಾತ್ರವಲ್ಲ, ಅರ್ಥವೇ ಬದಲಾಗುತ್ತದೆ.

ಕೈಯ ಗೆರೆ, ಯಂತ್ರದ ಗೆರೆ

ಹಿಂದಿನ ನಕ್ಷಾಕಾರನು ಹಲಗೆಯ ಮೇಲೆ ಕಾಗದವನ್ನು ಬಿಗಿದು, ಟೀ-ಸ್ಕ್ವೇರು, ಮೂಲೆಮಟ್ಟಗಳನ್ನಿಟ್ಟು ಗೆರೆಯೆಳೆಯುತ್ತಿದ್ದನು. ತುಂಡುಗಳನ್ನು ಅವನು ಅಳೆಯುತ್ತಿರಲಿಲ್ಲ. ಕಣ್ಣಂದಾಜಿನಿಂದ ಸಮನಾಗಿ ಬರೆಯುತ್ತಿದ್ದನು. ಗೆರೆಯ ಕೊನೆ ಹತ್ತಿರವಾದಂತೆ, ಮೂಲೆಯಲ್ಲಿ ತೆರಪು ಬೀಳದಂತೆ ತುಂಡುಗಳನ್ನು ತುಸು ಹಿಗ್ಗಿಸಿಯೋ ಕುಗ್ಗಿಸಿಯೋ ಹೊಂದಿಸಿಕೊಳ್ಳುತ್ತಿದ್ದನು. ಏಕೆಂದರೆ ಎರಡು ಮರೆಯ ಅಂಚುಗಳು ಕೂಡುವ ಮೂಲೆಯಲ್ಲಿ ತುಂಡಿಗೆ ತುಂಡು ತಾಗಬೇಕು. ಅಲ್ಲಿ ತೆರಪು ಬಿದ್ದರೆ ಮೂಲೆ ಎಲ್ಲಿದೆಯೆಂದೇ ತಿಳಿಯದು. ಈ ನಿಯಮವನ್ನು ಇಂದಿಗೂ ನಕ್ಷಾಲೇಖನದ ಮೊದಲ ಪಾಠಗಳಲ್ಲಿಯೇ ಹೇಳಿಕೊಡುತ್ತಾರೆ.

ಗಣಕಯಂತ್ರದ ತೆರೆಯ ಮೇಲೆ ಬೆಳಕಿನ ಲೇಖನಿಯಿಂದ ರೇಖಾಚಿತ್ರ ಬರೆಯಬಹುದೆಂದು ಅಮೆರಿಕದ ಐವನ್ ಸದರ್ಲೆಂಡ್ 1963ರಲ್ಲಿ ತಮ್ಮ 'ಸ್ಕೆಚ್‌ಪ್ಯಾಡ್' ಎಂಬ ಕಾರ್ಯಕ್ರಮದಿಂದ ತೋರಿಸಿಕೊಟ್ಟರು. 1982ರಲ್ಲಿ ಆಟೋಕ್ಯಾಡ್ ಎಂಬ ತಂತ್ರಾಂಶವು ಹೊರಬಂದು, ಸಣ್ಣ ಗಣಕಯಂತ್ರಗಳಲ್ಲಿಯೂ ನಕ್ಷೆ ಬರೆಯುವುದು ಸಾಧ್ಯವಾಯಿತು. ಇಂದು ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಕ್ಷಾಲೇಖನವನ್ನು ಗಣಕಯಂತ್ರದ ನೆರವಿನಿಂದಲೇ ಕಲಿಯುತ್ತಾರೆ.

ಆದರೆ ಯಂತ್ರಕ್ಕೆ ಕಣ್ಣಂದಾಜು ಎಂಬುದಿಲ್ಲ. ಅದರ ನೆನಪಿನಲ್ಲಿ ಸೂರಿನ ಗೆರೆ ಇರುವುದು ಚಿತ್ರವಾಗಿ ಅಲ್ಲ. ಗೆರೆ ಎಲ್ಲಿ ಆರಂಭ, ಎಲ್ಲಿ ಕೊನೆ ಎಂಬ ಅಂಕೆಗಳಾಗಿ. ಅದರೊಡನೆ "ಈ ಗೆರೆಯನ್ನು ಇಂಥ ಸೂತ್ರದಂತೆ ಬರೆ" ಎಂಬ ಒಂದು ಆಜ್ಞೆ ಸೇರಿರುತ್ತದೆ. ಆಟೋಕ್ಯಾಡಿನ ಒಂದು ತುಂಡುಗೆರೆಯ ಸೂತ್ರವು ಕೇವಲ ಎರಡು ಅಂಕೆಗಳದು: 0.5, -0.25. ಧನಸಂಖ್ಯೆ ಬಂದರೆ ಲೇಖನಿಯನ್ನು ಕಾಗದಕ್ಕೆ ತಾಗಿಸಿ ಅಷ್ಟು ದೂರ ಸಾಗು. ಋಣಸಂಖ್ಯೆ ಬಂದರೆ ಲೇಖನಿಯನ್ನೆತ್ತಿ ಅಷ್ಟು ದೂರ ಸಾಗು. ಸೊನ್ನೆ ಬಂದರೆ ಒಂದು ಚುಕ್ಕೆಯಿಡು. ಸೂತ್ರ ಮುಗಿದೊಡನೆ ಮತ್ತೆ ಮೊದಲಿನಿಂದ ಆರಂಭಿಸು. ಒಂದು ತುಂಡು, ಒಂದು ತೆರಪು ಕೂಡಿದುದನ್ನು ನಾವು ಒಂದು ಆವರ್ತ ಎಂದು ಕರೆಯೋಣ. ಮೇಲಿನ ಸೂತ್ರದಲ್ಲಿ ಆವರ್ತದ ಉದ್ದ 0.75. ನಿಜವಾದ ಲೇಖನಿಯನ್ನು ಎತ್ತಿ ಇಳಿಸಿ ನಕ್ಷೆ ಬರೆಯುತ್ತಿದ್ದ ಪ್ಲಾಟರ್ ಯಂತ್ರಗಳ ಕಾಲದ ಗುರುತು ಈ ಸೂತ್ರದಲ್ಲಿ ಇಂದಿಗೂ ಉಳಿದಿದೆ.

ಅಂಥ ಒಂದು ಪ್ಲಾಟರಿಗಾಗಿಯೇ ಐ.ಬಿ.ಎಂ. ಸಂಸ್ಥೆಯ ಜ್ಯಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ಒಂದು ಸೊಗಸಾದ ಕ್ರಮವನ್ನು ರೂಪಿಸಿದರು. ಅದು 1965ರಲ್ಲಿ ಪ್ರಕಟವಾಯಿತು. ಓರೆಗೆರೆಯೊಂದನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಎಳೆಯುವಾಗ ಮುಂದಿನ ಹೆಜ್ಜೆ ನೇರಕ್ಕೋ ಓರೆಗೋ ಎಂಬುದನ್ನು, ಭಿನ್ನರಾಶಿಗಳ ಗೋಜಿಲ್ಲದೆ, ಪೂರ್ಣಾಂಕಗಳ ಕೂಡಿಕೆ ಹೋಲಿಕೆಗಳಿಂದಲೇ ಆ ಕ್ರಮವು ನಿರ್ಣಯಿಸುತ್ತದೆ. ತೆರೆಯ ಮೇಲಿನ ಯಾವ ಬಿಂದುಗಳು ಬೆಳಗಿದರೆ ಗೆರೆ ನೇರವಾಗಿ ಕಾಣುತ್ತದೆಂಬುದನ್ನೂ ಅದೇ ಬಗೆಯ ಲೆಕ್ಕದಿಂದ ಕಂಡುಕೊಳ್ಳಬಹುದು. ಹೀಗೆ ತುಂಡುಗೆರೆ ತೆರೆಗೆ ಬರುವ ಮೊದಲು ಎರಡು ಲೆಕ್ಕಗಳು ನಡೆಯಬೇಕು: ತುಂಡುಗಳ ಆರಂಭ ಮತ್ತು ಕೊನೆ ಎಲ್ಲೆಲ್ಲಿ ಎಂಬುದು ಒಂದು, ಪ್ರತಿ ತುಂಡಿಗೂ ಯಾವ ಬಿಂದುಗಳು ಬೆಳಗಬೇಕೆಂಬುದು ಇನ್ನೊಂದು.

ಯಾವ ಅಳತೆಯ ತುಂಡು?

ತೊಡಕಿನ ಬೇರು ಇರುವುದು ಮೊದಲನೆಯ ಲೆಕ್ಕದಲ್ಲಿ. ಸೂತ್ರದಲ್ಲಿ 0.5 ಎಂದು ಬರೆದಿದೆಯಷ್ಟೆ, 0.5 ಏನು? ಆ ಸೂತ್ರವನ್ನು ಅಂಗುಲದ ಲೆಕ್ಕದಲ್ಲಿ ಕೆಲಸಮಾಡುವವರಿಗಾಗಿ ಬರೆದದ್ದು. ಅರ್ಧ ಅಂಗುಲ ತುಂಡು, ಕಾಲು ಅಂಗುಲ ತೆರಪು ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತವೆ. ಆದರೆ ನಮ್ಮ ಫಳ್ನೀರಿನ ಮನೆಯನ್ನು ನಾವು ಮಿಲಿಮೀಟರುಗಳಲ್ಲಿ, ಅದೂ ನಿಜವಾದ ಗಾತ್ರದಲ್ಲಿ ಬರೆದಿದ್ದೇವೆ. ಕ್ಯಾಡ್ ತಂತ್ರಾಂಶದಲ್ಲಿ ಮನೆಯನ್ನು ಕುಗ್ಗಿಸಿ ಬರೆಯುವ ಪದ್ಧತಿಯಿಲ್ಲ. 9 ಮೀಟರಿನ ಸೂರಿಗೆ 9,000 ಮಿಲಿಮೀಟರಿನ ಗೆರೆಯನ್ನೇ ಎಳೆಯುತ್ತಾರೆ, ಕುಗ್ಗಿಸುವುದು ಕಾಗದಕ್ಕೆ ಅಚ್ಚಾಗಿಸುವಾಗ ಮಾತ್ರ. ಯಂತ್ರವಾದರೋ ಸೂತ್ರದ 0.5 ಅನ್ನು ಅರ್ಧ ಮಿಲಿಮೀಟರು ಎಂದೇ ತಿಳಿಯುತ್ತದೆ. 9,000 ಮಿಲಿಮೀಟರಿನಲ್ಲಿ 0.75 ಮಿಲಿಮೀಟರಿನ ಆವರ್ತಗಳು ಎಷ್ಟು? ಹನ್ನೆರಡು ಸಾವಿರ!

ಈ ನಕ್ಷೆಯನ್ನು 1:100ರ ಪ್ರಮಾಣದಲ್ಲಿ ಅಚ್ಚಾಗಿಸಿದರೆ ಸೂರಿನ ಗೆರೆ ಕಾಗದದ ಮೇಲೆ 90 ಮಿಲಿಮೀಟರು ಉದ್ದವಾಗುತ್ತದೆ. ಅಷ್ಟರಲ್ಲಿ ಹನ್ನೆರಡು ಸಾವಿರ ಆವರ್ತಗಳು ಅಡಗಬೇಕಾದರೆ ಒಂದೊಂದರ ಉದ್ದ 0.0075 ಮಿಲಿಮೀಟರು. ತಲೆಗೂದಲಿನ ದಪ್ಪ ಸುಮಾರು 0.07 ಮಿಲಿಮೀಟರು, ಅಂದರೆ ಒಂದು ಕೂದಲಿನ ದಪ್ಪದೊಳಗೆ ಸುಮಾರು ಒಂಬತ್ತು ತುಂಡುಗಳೂ ಒಂಬತ್ತು ತೆರಪುಗಳೂ ಸೇರಿಕೊಂಡಿವೆ! ಯಾವ ಕಣ್ಣು ಇವನ್ನು ಬಿಡಿಸಿ ನೋಡೀತು, ಯಾವ ಮುದ್ರಣಯಂತ್ರ ಬಿಡಿಸಿ ಬರೆದೀತು? ಯಂತ್ರವು ಆಜ್ಞೆಯನ್ನು ತಪ್ಪದೆ ಪಾಲಿಸಿದೆ. ಆದರೆ ನಮಗೆ ಸಿಕ್ಕಿದ್ದು ಅಖಂಡಗೆರೆ.

ಹಾಗಾದರೆ ಸರಿಯಾದ ತುಂಡು ಎಷ್ಟು ಉದ್ದವಿರಬೇಕು? ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಓ 128 ಇದಕ್ಕೆ ಒಂದು ಅಚ್ಚುಕಟ್ಟಾದ ಉತ್ತರವನ್ನು ಕೊಟ್ಟಿದೆ. ತುಂಡಿನ ಉದ್ದ ಗೆರೆಯ ದಪ್ಪದ 12 ಪಾಲು, ತೆರಪಿನ ಉದ್ದ ದಪ್ಪದ 3 ಪಾಲು. ಗೆರೆಯ ದಪ್ಪ 0.25 ಮಿಲಿಮೀಟರು ಆದರೆ ತುಂಡು 3 ಮಿಲಿಮೀಟರು, ತೆರಪು 0.75 ಮಿಲಿಮೀಟರು. ಇವು ಕಾಗದದ ಮೇಲಿನ ಅಳತೆಗಳೆಂಬುದನ್ನು ಮರೆಯಬಾರದು. 1:100ರಲ್ಲಿ ಕುಗ್ಗಿದ ಮೇಲೆ 3 ಮಿಲಿಮೀಟರು ಉಳಿಯಬೇಕಾದರೆ ಮನೆಯ ಅಳತೆಯಲ್ಲಿ ತುಂಡು 300 ಮಿಲಿಮೀಟರು, ತೆರಪು 75 ಮಿಲಿಮೀಟರು ಇರಬೇಕು. ಆವರ್ತ 375 ಮಿಲಿಮೀಟರು. 9,000 ಮಿಲಿಮೀಟರಿನ ಸೂರಿನಲ್ಲಿ ಸರಿಯಾಗಿ 24 ಆವರ್ತಗಳು. ಹನ್ನೆರಡು ಸಾವಿರವೆಲ್ಲಿ, ಇಪ್ಪತ್ತನಾಲ್ಕೆಲ್ಲಿ!

ಇದನ್ನು ಯಂತ್ರಕ್ಕೆ ತಿಳಿಸಲು ಒಂದು ಗುಣಕವಿದೆ. ಆಟೋಕ್ಯಾಡಿನಲ್ಲಿ ಅದರ ಹೆಸರು 'ಎಲ್‌ಟಿಸ್ಕೇಲ್'. ಸೂತ್ರದಲ್ಲಿರುವ ಎಲ್ಲ ಅಂಕೆಗಳನ್ನೂ ಈ ಗುಣಕದಿಂದ ಗುಣಿಸಿಯೇ ಯಂತ್ರವು ಗೆರೆ ಬರೆಯುತ್ತದೆ. ಮೇಲ್ಕಂಡ ಮಾನಕಕ್ಕೆ ಅನುಗುಣವಾದ ಸೂತ್ರವೂ ಅದರಲ್ಲಿ ಸಿದ್ಧವಾಗಿದೆ: 12, -3. ಇದು 1 ಮಿಲಿಮೀಟರು ದಪ್ಪದ ಗೆರೆಗೆ ಹೊಂದುವ ಸೂತ್ರ. ನಮ್ಮ ಗೆರೆಯ ದಪ್ಪ ಅದರ ಕಾಲುಭಾಗ, ಆದುದರಿಂದ 0.25ರಿಂದ ಗುಣಿಸಬೇಕು. ನಕ್ಷೆಯ ಪ್ರಮಾಣಕ್ಕಾಗಿ 100ರಿಂದ ಗುಣಿಸಬೇಕು. ಒಟ್ಟು ಗುಣಕ 25. ಹನ್ನೆರಡು ಇಪ್ಪತ್ತೈದಲೆ ಮುನ್ನೂರು, ಮೂರು ಇಪ್ಪತ್ತೈದಲೆ ಎಪ್ಪತ್ತೈದು, ಲೆಕ್ಕ ಸರಿಹೋಯಿತು.

ಎರಡು ವಿರುದ್ಧ ತಪ್ಪು, ಒಂದೇ ಮುಖ

ಇಲ್ಲಿ ಒಂದು ಸೋಜಿಗವಿದೆ. ಗುಣಕವು ತೀರ ಚಿಕ್ಕದಾದರೆ ತುಂಡುಗೆರೆ ಅಖಂಡವಾಗಿ ಕಾಣುತ್ತದೆಂಬುದನ್ನು ನೋಡಿದೆವು. ತೀರ ದೊಡ್ಡದಾದರೆ? 25ರ ಬದಲು ಅಚಾತುರ್ಯದಿಂದ 2500 ಎಂದು ಕೊಟ್ಟೆವೆನ್ನೋಣ. ಆಗ ಒಂದು ತುಂಡಿನ ಉದ್ದ 30,000 ಮಿಲಿಮೀಟರು, ಎಂದರೆ 30 ಮೀಟರು. ನಮ್ಮ ಸೂರಿನ ಉದ್ದ 9 ಮೀಟರು ಮಾತ್ರ. ಮೊದಲನೆಯ ತುಂಡು ಮುಗಿಯುವುದಕ್ಕೆ ಮುಂಚೆಯೇ ಗೆರೆ ಮುಗಿದುಹೋಗುತ್ತದೆ. ತೆರಪು ಬರಲು ಎಡೆಯೇ ಇಲ್ಲ. ಫಲ ಮತ್ತೆ ಅಖಂಡಗೆರೆಯೇ! ಒಂದಕ್ಕೊಂದು ವಿರುದ್ಧವಾದ ಎರಡು ತಪ್ಪುಗಳು ತೆರೆಯ ಮೇಲೆ ಒಂದೇ ಮುಖವನ್ನು ತೋರಿಸುತ್ತವೆ. ಹೊಸಬರು ಗುಣಕವನ್ನು ಹಿಂದುಮುಂದು ನೋಡದೆ ಹೆಚ್ಚಿಸುತ್ತ ಹೋಗಿ ಒಂದು ತಪ್ಪಿನಿಂದ ಇನ್ನೊಂದಕ್ಕೆ ಬೀಳುವುದು ಇದರಿಂದಲೇ.

ಯಾವ ತಪ್ಪು ನಡೆದಿದೆಯೆಂದು ಕಂಡುಹಿಡಿಯುವುದು ಕಷ್ಟವಲ್ಲ. ಗೆರೆಯ ಒಂದು ಸಣ್ಣ ಭಾಗವನ್ನು ತೆರೆಯ ಮೇಲೆ ಬಹಳ ದೊಡ್ಡದು ಮಾಡಿ, ಚಿತ್ರವನ್ನು ಹೊಸದಾಗಿ ಬರೆಯಿಸಿ ನೋಡಬೇಕು. ತುಂಡುಗಳು ಕಾಣತೊಡಗಿದರೆ ಗುಣಕ ಚಿಕ್ಕದಾಗಿದೆ. ಎಷ್ಟು ಹಿಗ್ಗಿಸಿದರೂ ಗೆರೆಯ ಉದ್ದಕ್ಕೂ ಎಲ್ಲಿಯೂ ತೆರಪು ಕಾಣದಿದ್ದರೆ ಗುಣಕ ದೊಡ್ಡದಾಗಿದೆ. ವೈದ್ಯನು ಒಂದೇ ಬಗೆಯ ಜ್ವರಕ್ಕೆ ಬೇರೆ ಬೇರೆ ಕಾರಣಗಳನ್ನು ಪರೀಕ್ಷೆಯಿಂದ ಬೇರ್ಪಡಿಸುವಂತೆ ಇದು.

ಗುಣಕವು ಸರಿಯಾಗಿದ್ದಾಗಲೂ ಕಿರಿಯ ಗೆರೆಗಳು ತೊಂದರೆ ಕೊಡುತ್ತವೆ. ಮುಂಬಾಗಿಲಿನ ಮೇಲೆ ಸೂರು 300 ಮಿಲಿಮೀಟರು ಮುಂದಕ್ಕೆ ಮುರಿದಿದೆಯೆನ್ನೋಣ. ಆವರ್ತವೇ 375 ಮಿಲಿಮೀಟರು. ಆ ಗಿಡ್ಡ ಗೆರೆಯಲ್ಲಿ ಅದು ಹಿಡಿಸಲಾರದು. ಆದುದರಿಂದ ಯಂತ್ರವು ಅದನ್ನು ಅಖಂಡವಾಗಿಯೇ ಬರೆಯುತ್ತದೆ. ಇದಕ್ಕೆ ಆ ಒಂದು ಗೆರೆಗೆ ಮಾತ್ರ ಬೇರೆಯದೇ ಆದ ಸಣ್ಣ ಗುಣಕವನ್ನು ಕೊಡುವುದುಂಟು. ಇಡೀ ಸೂರನ್ನು ಬಿಡಿ ಬಿಡಿ ಗೆರೆಗಳಾಗಿ ಎಳೆಯದೆ ಒಂದೇ ಬಹುಖಂಡರೇಖೆಯಾಗಿ ಎಳೆದು, ಆವರ್ತವು ಮೂಲೆ ಮೂಲೆಗೂ ಹೊಸದಾಗಿ ಆರಂಭವಾಗದೆ ಮೂಲೆಯನ್ನು ಸುತ್ತಿ ಮುಂದುವರಿಯುವಂತೆ ಮಾಡುವುದೂ ಉಂಟು.

ಈ ಎರಡನೆಯ ಉಪಾಯದ ಬೆಲೆ ತಿಳಿಯುವುದು ನಿವೇಶನದ ನಕ್ಷೆಯಲ್ಲಿ. ಮಂಗಳೂರಿನ ನೆಲ ಏರುತಗ್ಗಿನದು. ಇಳಿಜಾರನ್ನು ತೋರಿಸುವ ಸಮೋನ್ನತಿ ರೇಖೆಗಳಲ್ಲಿ ಈಗಿರುವ ನೆಲವನ್ನು ತುಂಡುಗೆರೆಯಿಂದಲೂ, ಮಣ್ಣು ಕಡಿದು ತುಂಬಿ ಸಮಮಾಡಬೇಕಾದ ನೆಲವನ್ನು ಅಖಂಡಗೆರೆಯಿಂದಲೂ ಬರೆಯುವ ವಾಡಿಕೆಯಿದೆ. ಬಳುಕುವ ಸಮೋನ್ನತಿ ರೇಖೆಯು ಗಣಕಯಂತ್ರದಲ್ಲಿ ನೂರಾರು ಪುಟ್ಟ ನೇರಗೆರೆಗಳ ಮಾಲೆಯಾಗಿರುತ್ತದೆ. ಆವರ್ತವು ಪ್ರತಿ ಪುಟ್ಟ ಗೆರೆಗೂ ಹೊಸದಾಗಿ ಆರಂಭವಾದರೆ, ಯಾವುದರಲ್ಲಿಯೂ ಅದು ಹಿಡಿಸದೆ ರೇಖೆಯೆಲ್ಲವೂ ಅಖಂಡವಾಗುತ್ತದೆ. ಆಗ ಇರುವ ನೆಲ ಯಾವುದು, ಮಾಡಬೇಕಾದ ನೆಲ ಯಾವುದು ಎಂಬ ಭೇದವೇ ಅಳಿಸಿಹೋಗುತ್ತದೆ. ಗುಡ್ಡ ಕಡಿಯುವಲ್ಲಿ ಇದು ಸಣ್ಣ ತಪ್ಪಲ್ಲ.

ಕೊನೆಗಳ ಹೊಂದಾಣಿಕೆ

ನಕ್ಷಾಕಾರನು ಕಣ್ಣಂದಾಜಿನಿಂದ ಮೂಲೆಯಲ್ಲಿ ತುಂಡನ್ನು ಹೊಂದಿಸುತ್ತಿದ್ದನೆಂದೆವಷ್ಟೆ. ಯಂತ್ರ ಇದನ್ನು ಲೆಕ್ಕದಿಂದ ಮಾಡುತ್ತದೆ. 1,000 ಮಿಲಿಮೀಟರಿನ ಒಂದು ಗೆರೆಯಿದೆಯೆನ್ನಿ. ತುಂಡು 300, ತೆರಪು 75. ಒಂದು ತುದಿಯಿಂದ ಸುಮ್ಮನೆ ಎಣಿಸುತ್ತ ಹೋದರೆ 300, 75, 300, 75 ಆಗಿ ಕೊನೆಗೆ 250 ಉಳಿಯುತ್ತದೆ. ಎರಡು ತುದಿಗಳು ಒಂದರಂತೆ ಇನ್ನೊಂದಿಲ್ಲ. ಉದ್ದವು ತುಸು ಬೇರೆಯಾಗಿದ್ದರೆ ಕೊನೆಯಲ್ಲಿ ತೆರಪೇ ಬಂದು ಮೂಲೆ ಬಾಯ್ದೆರೆದೀತು. ಆದುದರಿಂದ ಯಂತ್ರವು ನಡುವಿನ ತುಂಡು ತೆರಪುಗಳನ್ನು ಹಾಗೆಯೇ ಇರಿಸಿ, ಹೆಚ್ಚುಕಡಮೆಯನ್ನು ಎರಡು ತುದಿಗಳಿಗೆ ಸಮನಾಗಿ ಹಂಚುತ್ತದೆ: 275, 75, 300, 75, 275. ಕೂಡಿ ನೋಡಿರಿ, ಸಾವಿರವಾಗುತ್ತದೆ. ಎರಡು ತುದಿಗಳಲ್ಲಿಯೂ ತುಂಡೇ ಇದೆ, ತೆರಪಿಲ್ಲ. ಹಳೆಯ ನಕ್ಷಾಕಾರನ ಕೈಚಳಕವನ್ನು ಹೀಗೆ ಸೂತ್ರಕ್ಕಿಳಿಸಲಾಗಿದೆ.

ಆದರೆ ಆ ನಕ್ಷಾಕಾರನಿಗಿದ್ದ ಇನ್ನೊಂದು ತಿಳಿವಳಿಕೆ ಯಂತ್ರಕ್ಕೆ ತಾನಾಗಿ ಬರುವುದಿಲ್ಲ. ಅದೇ ಹಾಳೆಯ ಮೂಲೆಯಲ್ಲಿ ಸೂರಿನ ಒಂದು ಭಾಗವನ್ನು 1:20ರ ಪ್ರಮಾಣದಲ್ಲಿ ದೊಡ್ಡದಾಗಿ ತೋರಿಸಬೇಕಾಗಿದೆಯೆನ್ನಿ. ಮನೆಯ ಅಳತೆಯ 300 ಮಿಲಿಮೀಟರು ಅಲ್ಲಿ 15 ಮಿಲಿಮೀಟರಿನ ತುಂಡಾಗುತ್ತದೆ, ತೆರಪು 3.75 ಮಿಲಿಮೀಟರು. ಒಂದೇ ಹಾಳೆಯಲ್ಲಿ ಎರಡು ಬಗೆಯ ತುಂಡುಗೆರೆಗಳನ್ನು ಕಂಡವರು ಇವೆರಡಕ್ಕೆ ಬೇರೆ ಬೇರೆ ಅರ್ಥವಿರಬೇಕೆಂದು ತಿಳಿದಾರು. ಇದನ್ನು ತಪ್ಪಿಸಲು, ತುಂಡುಗಳನ್ನು ಮನೆಯ ಅಳತೆಯಿಂದಲ್ಲದೆ ಕಾಗದದ ಅಳತೆಯಿಂದಲೇ ಎಣಿಸುವಂತೆ ಯಂತ್ರಕ್ಕೆ ಹೇಳುವ ಏರ್ಪಾಡು ಇದೆ. ಆಗ ಪ್ರಮಾಣದ 100ರಿಂದ ಗುಣಿಸುವ ಕೆಲಸ ಉಳಿಯುವುದಿಲ್ಲ. ದಪ್ಪಕ್ಕೆ ತಕ್ಕ 0.25 ಒಂದೇ ಗುಣಕವಾಗುತ್ತದೆ. ಮನೆಯ ಭಾಗಗಳು ಪ್ರಮಾಣಕ್ಕೆ ತಕ್ಕಂತೆ ಹಿಗ್ಗಿ ಕುಗ್ಗಬೇಕು; ಸಂಕೇತಗಳು ಓದುವವನ ಕಣ್ಣಿಗೆ ತಕ್ಕಂತೆ ಇದ್ದಲ್ಲಿಯೇ ಇರಬೇಕು. ತುಂಡು ಮನೆಯ ಭಾಗವಲ್ಲ, ಅದು ಬರಹದ ಅಕ್ಷರದಂತೆ ಒಂದು ಸಂಕೇತ. ಈ ಭೇದವನ್ನು ಮನದಟ್ಟು ಮಾಡಿಕೊಂಡವನಿಗೆ ತುಂಡುಗೆರೆಯ ಮುಕ್ಕಾಲು ತೊಡಕು ತೀರಿತೆಂದೇ ಹೇಳಬೇಕು.

ಕೊನೆಯ ಪರೀಕ್ಷೆ ಕಾಗದದ ಮೇಲೆ

ತೆರೆಯ ಮೇಲೆ ಸೂರನ್ನು ಕೆಂಪುಬಣ್ಣದಿಂದಲೂ ಕೊಳವೆಯನ್ನು ನೀಲಿಬಣ್ಣದಿಂದಲೂ ತೋರಿಸಬಹುದು. ಇಷ್ಟು ಅನುಕೂಲವಿರುವಾಗ ತುಂಡುಗೆರೆಯ ಹಂಗೇಕೆ ಎಂದು ಕೇಳಬಹುದು. ಆದರೆ ನಕ್ಷೆಯು ಕೊನೆಗೆ ತಲಪುವುದು ಕೆಲಸದ ಜಾಗಕ್ಕೆ. ಅಲ್ಲಿರುವುದು ಹಲವು ಸಲ ಕಪ್ಪುಬಿಳುಪಿನ ಜೆರಾಕ್ಸ್ ಪ್ರತಿ. ಬಣ್ಣ ಅಳಿದರೂ ತುಂಡು ಉಳಿಯುತ್ತದೆ. ತುಂಡಿಗೂ ಒಂದು ಮಿತಿಯುಂಟೆಂಬುದು ನಿಜ. 841 ಮಿಲಿಮೀಟರು ಅಗಲದ ಎ-1 ಹಾಳೆಯನ್ನು 297 ಮಿಲಿಮೀಟರಿನ ಎ-4 ಹಾಳೆಗೆ ಕುಗ್ಗಿಸಿದರೆ ಎಲ್ಲ ಅಳತೆಗಳೂ ಸುಮಾರು 2.83 ಪಾಲು ಕಿರಿದಾಗುತ್ತವೆ. 3 ಮಿಲಿಮೀಟರಿನ ತುಂಡು ಸುಮಾರು 1.06 ಮಿಲಿಮೀಟರು ಆಗುತ್ತದೆ, 0.75 ಮಿಲಿಮೀಟರಿನ ತೆರಪು 0.27 ಮಿಲಿಮೀಟರಿಗೆ ಇಳಿಯುತ್ತದೆ. ಜೆರಾಕ್ಸಿನ ಮಸಿ ತುಸು ಹರಡಿದರೆ ಅಷ್ಟು ಕಿರಿದಾದ ತೆರಪು ಮುಚ್ಚಿಹೋಗಲು ತಡವಿಲ್ಲ. ಮೊಬೈಲ್ ಫೋನಿನ ಪುಟ್ಟ ತೆರೆಯಲ್ಲಿ ಇಡೀ ನಕ್ಷೆಯನ್ನು ನೋಡುವಾಗಲೂ ಇದೇ ಗತಿ.

ಆದುದರಿಂದ ನಕ್ಷೆ ಕಲಿಯುವ ನಮ್ಮ ವಿದ್ಯಾರ್ಥಿಗಳು ಒಂದು ಅಭ್ಯಾಸವನ್ನು ರೂಢಿಸಿಕೊಳ್ಳುವುದು ಒಳ್ಳೆಯದು. ನಕ್ಷೆಯನ್ನು ಮುಗಿಸಿದೆವೆಂದು ತೆರೆಯ ಮುಂದಿನಿಂದ ಏಳುವ ಮೊದಲು, ಅದನ್ನು ಓದುವವನ ಕೈಗೆ ಯಾವ ಗಾತ್ರದಲ್ಲಿ ಹೋಗುವುದೋ ಅದೇ ಗಾತ್ರದಲ್ಲಿ ಒಂದು ಪ್ರತಿಯನ್ನು ಅಚ್ಚಾಗಿಸಬೇಕು. ಅದನ್ನು ತೋಳಳತೆಯಲ್ಲಿ ಹಿಡಿದು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಮರೆಯ ಅಂಚುಗಳೆಲ್ಲ ತುಂಡಾಗಿಯೇ ಕಾಣುತ್ತವೆಯೆ? ಮೂಲೆಗಳಲ್ಲಿ ತುಂಡಿಗೆ ತುಂಡು ತಾಗಿದೆಯೆ? ತಲೆಯ ಮೇಲಿನದು ಯಾವುದು, ನೆಲದಡಿಯದು ಯಾವುದು ಎಂದು ಮಾತಿನಲ್ಲಿ ಬರೆದಿದೆಯೆ?

ಫಳ್ನೀರಿನ ನಮ್ಮ ಮನೆಯ ಮೇಸ್ತ್ರಿಗೆ ಎಲ್‌ಟಿಸ್ಕೇಲಿನ ವಿಚಾರ ತಿಳಿದಿರಬೇಕಾಗಿಲ್ಲ. ಮಳೆಗಾಲ ಬರುವುದರೊಳಗೆ ಮಾಡು ಏರಿಸಬೇಕೆಂಬ ಅವಸರದಲ್ಲಿ ಅವನು ಹಾಳೆಯನ್ನು ಮುರಕಲ್ಲಿನ ರಾಶಿಯ ಮೇಲೆ ಬಿಡಿಸಿ ನೋಡುತ್ತಾನೆ. ಗೋಡೆಯ ಹೊರಗೆ ಕಾಣುವ ಗೆರೆ ತುಂಡುಗೆರೆಯಾಗಿದ್ದರೆ ತಲೆಯೆತ್ತಿ ಮಾಡಿನ ಎಡೆಯನ್ನು ನೋಡುತ್ತಾನೆ. ಅಖಂಡವಾಗಿದ್ದರೆ ಬಗ್ಗಿ ಪಾಯದ ದಾರ ಕಟ್ಟುತ್ತಾನೆ.